ಯಜಮಾನ ಇಲ್ಲದ ಬ್ಯಾಂಕಿನ ಯಜಮಾನರು

(ಕರಾವಳಿಯ ಊರೊಂದರ ವಾಚನಾಲಯದಲ್ಲಿ, ಹೆಚ್ಚಾಗಿ ನಿವೃತ್ತರೇ ಸೇರಿದ್ದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಕರ್ಣಾಟಕ ಬ್ಯಾಂಕಿನ ಷೇರು ಉಂಟು? ನಿಮ್ಮ ಹೆಸರಲ್ಲೇ ಇರಬೇಕೆಂದಿಲ್ಲ. ಅಪ್ಪನದ್ದು, ಅತ್ತೆಯದ್ದು, ಯಾರದ್ದಾದರೂ ಸರಿ.

ಅರ್ಧ ಸಭೆಗಿಂತ ಜಾಸ್ತಿ ಕೈಗಳು ಮೇಲೆ ಬಂದವು. ಈಗ ಎರಡನೇ ಪ್ರಶ್ನೆ. ಕಳೆದ ವಾರ್ಷಿಕ ಮಹಾಸಭೆಯಲ್ಲಿ ವೋಟ್ ಹಾಕಿದವರು ಎಷ್ಟು ಜನ?

ಮೂರು ಕೈ. ಅದರಲ್ಲಿ ಇಬ್ಬರು ಬ್ಯಾಂಕಿನಲ್ಲೇ ಕೆಲಸ ಮಾಡಿ ನಿವೃತ್ತರಾದವರು.

ಮೊದಲು ಎದ್ದ ಕೈಗಳೆಷ್ಟು, ಆಮೇಲೆ ಎದ್ದದ್ದೆಷ್ಟು ನೋಡಿದಿರಿ ಅಲ್ವಾ? ಇವತ್ತು ನಾನು ಹೇಳಲು ಬಂದದ್ದೆಲ್ಲ ಆ ವ್ಯತ್ಯಾಸದ ಬಗ್ಗೆಯೇ. ನನ್ನ ಹೆಸರಲ್ಲೂ ಸ್ವಲ್ಪ ಷೇರು ಉಂಟು ಅಂತ ಮೊದಲೇ ಹೇಳಿಬಿಡುತ್ತೇನೆ. ಕೊಳ್ಳಿ ಅಂತಲೋ ಮಾರಿ ಅಂತಲೋ ಹೇಳಲು ನಾನು ಬಂದಿಲ್ಲ. ಒಂದು ಬ್ಯಾಂಕು ಯಾರದ್ದು, ಅದನ್ನು ತಿಳಿಯುವುದು ಹೇಗೆ, ಅಷ್ಟೇ ವಿಷಯ.

ನಮ್ಮ ಜಿಲ್ಲೆಯನ್ನು ಬ್ಯಾಂಕುಗಳ ತೊಟ್ಟಿಲು ಅಂತ ಕರೆಯುತ್ತಾರೆ. ಸುಮ್ನೆ ಕರೆಯುವುದಲ್ಲ. ಉಡುಪಿ ಆಗ ದಕ್ಷಿಣ ಕನ್ನಡದಲ್ಲೇ ಇತ್ತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕ್ ಕಟ್ಟಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಅಡಿಪಾಯ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇಪ್ಪತ್ತೈದು ವರ್ಷಗಳಲ್ಲಿ ಐದು ದೊಡ್ಡ ಬ್ಯಾಂಕು ಒಂದೇ ಜಿಲ್ಲೆಯಲ್ಲಿ.

ಈಗ ಲೆಕ್ಕ ಹಾಕಿ. ಕೆನರಾ, ಸಿಂಡಿಕೇಟ್ 1969ರಲ್ಲಿ ಸರಕಾರದ್ದಾದವು. ಕಾರ್ಪೊರೇಷನ್, ವಿಜಯಾ 1980ರಲ್ಲಿ. ಆಮೇಲೆ 2019ರ ಏಪ್ರಿಲ್ 1ಕ್ಕೆ ವಿಜಯಾ ಹೋಗಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದ ಒಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನ ಒಳಗೆ. ವಿಜಯಾ ಬ್ಯಾಂಕಿನ ವಿಲೀನದ ಸುದ್ದಿ ಬಂದಾಗ ಇಲ್ಲಿ ಎಷ್ಟು ಜನ ಕಣ್ಣೀರು ಹಾಕಿದ್ದರು ಅಂತ ನಿಮಗೆ ನೆನಪಿರಬಹುದು. ಆದರೆ ಆ ತೀರ್ಮಾನ ಮಾಡುವ ಅಧಿಕಾರ ನಮ್ಮ ಕೈಯಲ್ಲಿ ಇರಲೇ ಇಲ್ಲ. ಸರಕಾರಿ ಬ್ಯಾಂಕಿನಲ್ಲಿ ಸರಕಾರದ ಪಾಲು ಶೇ. 51ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಯಜಮಾನ ಯಾರು ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಐದರಲ್ಲಿ ಖಾಸಗಿಯಾಗಿ, ಮಂಗಳೂರಿನಲ್ಲೇ ಕೇಂದ್ರ ಕಚೇರಿ ಇಟ್ಟುಕೊಂಡು ಉಳಿದದ್ದು ಕರ್ಣಾಟಕ ಬ್ಯಾಂಕ್ ಒಂದೇ. ಅದಕ್ಕೇ ಇವತ್ತಿನ ಮಾತಿಗೆ ಅದನ್ನು ಆರಿಸಿಕೊಂಡೆ. ನೂರು ವರ್ಷ ದಾಟಿದ ಬ್ಯಾಂಕ್, 900ಕ್ಕೂ ಹೆಚ್ಚು ಶಾಖೆಗಳು. ಅದರ ಷೇರು ಯಾರ ಹತ್ತಿರ ಉಂಟು?

ಇದನ್ನು ತಿಳಿಯಲು ಯಾರ ಕಾಲೂ ಹಿಡಿಯಬೇಕಾಗಿಲ್ಲ. ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ಮೂರು ತಿಂಗಳಿಗೊಮ್ಮೆ, ತ್ರೈಮಾಸಿಕ ಮುಗಿದ 21 ದಿನದೊಳಗೆ ತನ್ನ ಷೇರುದಾರರ ಪಟ್ಟಿಯನ್ನು ಸ್ಟಾಕ್ ಎಕ್ಸ್‌ಚೇಂಜಿಗೆ ಕೊಡಬೇಕು. ಅದು ಎಲ್ಲರಿಗೂ ನೋಡಲು ಸಿಗುತ್ತದೆ. ನಾನು ಮುದ್ರಿಸಿ ತಂದಿದ್ದೇನೆ, ಕೈಯಿಂದ ಕೈಗೆ ಕೊಡುತ್ತಾ ಹೋಗಿ.

ಮೊದಲ ಕೋಷ್ಟಕ ನೋಡಿ. ಪ್ರವರ್ತಕರು ಮತ್ತು ಪ್ರವರ್ತಕರ ಬಳಗ ಅಂತ ತಲೆಬರಹ. ಪ್ರವರ್ತಕರು ಅಂದರೆ ಕಂಪನಿ ಕಟ್ಟಿ ಅದರ ಹಿಡಿತ ಇಟ್ಟುಕೊಂಡವರು. ಅದರ ಕೆಳಗೆ ಬರೀ ಸೊನ್ನೆ. ಕರ್ಣಾಟಕ ಬ್ಯಾಂಕಿಗೆ ಪ್ರವರ್ತಕರಿಲ್ಲ. ಇದು ನಮ್ಮ ಬ್ಯಾಂಕಿನ ಮಾತು ಮಾತ್ರ ಅಲ್ಲ. ಫೆಡರಲ್, ಸೌತ್ ಇಂಡಿಯನ್, ಕುಂಭಕೋಣದ ಸಿಟಿ ಯೂನಿಯನ್, ಈ ದಕ್ಷಿಣದ ಹಳೇ ಬ್ಯಾಂಕುಗಳಲ್ಲೂ ಹೀಗೆಯೇ. ಇಂಥ ಬ್ಯಾಂಕುಗಳನ್ನು ಕಟ್ಟಿದ್ದು ಒಬ್ಬ ಸೇಠ್‌ಜಿ ಅಲ್ಲ. ಊರಿನ ವಕೀಲರು, ಜಮೀನುದಾರರು, ವ್ಯಾಪಾರಿಗಳು, ಮೇಷ್ಟ್ರುಗಳು ಹತ್ತು ಇಪ್ಪತ್ತು ಷೇರು ಅಂತ ಹಾಕಿ ಕಟ್ಟಿದ್ದು. ಅವರ ಮಕ್ಕಳು, ಮೊಮ್ಮಕ್ಕಳ ಕೈಗೆ ಅದು ಹಂಚಿಹೋಯಿತು.

ಎರಡನೇ ಕೋಷ್ಟಕ ಸಾರ್ವಜನಿಕರದ್ದು. ಇದರಲ್ಲಿ ಎರಡು ದೊಡ್ಡ ಭಾಗ. ಒಂದು ಸಂಸ್ಥೆಗಳು: ಮ್ಯೂಚುವಲ್ ಫಂಡ್, ವಿಮಾ ಕಂಪನಿ, ವಿದೇಶಿ ಹೂಡಿಕೆದಾರರು ಮೊದಲಾದವರು. ಇನ್ನೊಂದು ಸಂಸ್ಥೆಯಲ್ಲದವರು, ಅಂದರೆ ನಾವು. ಶೇ. 1ಕ್ಕಿಂತ ಜಾಸ್ತಿ ಇಟ್ಟುಕೊಂಡವರ ಹೆಸರನ್ನು ಅಲ್ಲೇ ಬರೆಯಬೇಕು. ಕರ್ಣಾಟಕ ಬ್ಯಾಂಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಇವತ್ತಿಗೂ ಸಂಸ್ಥೆಯಲ್ಲದವರ ಕೈಯಲ್ಲೇ ಉಂಟು.

ಇಲ್ಲಿ ಒಂದು ಸಾಲು ಹಲವರನ್ನು ದಾರಿ ತಪ್ಪಿಸುತ್ತದೆ. ‘2 ಲಕ್ಷ ರೂಪಾಯಿವರೆಗಿನ ವ್ಯಕ್ತಿಗಳು’ ಅಂತ ಇರುತ್ತದೆ. ಎರಡು ಲಕ್ಷದ ಒಳಗೆ ಅಂದರೆ ಪಾಪ, ಸಣ್ಣ ಷೇರುದಾರರು ಅಂತ ನಾವು ಅಂದುಕೊಳ್ಳುತ್ತೇವೆ. ಅದು ಪೇಟೆ ಬೆಲೆ ಅಲ್ಲ, ಮುಖಬೆಲೆ, ಅಂದರೆ ಷೇರು ಪತ್ರದ ಮೇಲೆ ಬರೆದ ಮೂಲ ಬೆಲೆ. ಷೇರಿನ ಮುಖಬೆಲೆ 10 ರೂಪಾಯಿ. ಅಂದರೆ 20,000 ಷೇರು ಇರುವವರೂ ಆ ಸಾಲಿನಲ್ಲೇ ಬರುತ್ತಾರೆ. ಷೇರಿಗೆ 200 ರೂಪಾಯಿ ಅಂತ ಹಿಡಿದರೂ ಅದು 40 ಲಕ್ಷ! ಹಾಗಾಗಿ ಆ ಸಾಲಿನಲ್ಲಿ ಪಿಂಚಣಿ ಉಳಿಸಿ ನೂರು ಷೇರು ಕೊಂಡ ಟೀಚರಮ್ಮನೂ ಉಂಟು, ಮುಂಬೈಯಲ್ಲಿ ಕೂತು ಷೇರು ವ್ಯವಹಾರವನ್ನೇ ಕಸುಬು ಮಾಡಿಕೊಂಡವನೂ ಉಂಟು. ಕೋಷ್ಟಕ ಇಬ್ಬರನ್ನೂ ಒಂದೇ ಚಾಪೆಯಲ್ಲಿ ಕೂರಿಸುತ್ತದೆ.

ಇನ್ನೂ ಕೆಳಗೆ ಬನ್ನಿ. ನಿರ್ದೇಶಕರು ಮತ್ತು ಅವರ ಬಂಧುಗಳು, ಉನ್ನತ ಅಧಿಕಾರಿಗಳು ಅನ್ನುವ ಸಾಲುಗಳಿವೆ. ಒಳಗಿನವರ ಪಾಲು ಇದೇ. ಪ್ರವರ್ತಕರಿಲ್ಲದ ಬ್ಯಾಂಕಿನಲ್ಲಿ ಈ ಅಂಕಿ ತೀರಾ ಸಣ್ಣದಿರುತ್ತದೆ. ಅಂದರೆ ದಿನನಿತ್ಯ ಬ್ಯಾಂಕು ನಡೆಸುವವರ ಸ್ವಂತ ದುಡ್ಡು ಅದರಲ್ಲಿ ತುಂಬಾ ಕಮ್ಮಿ.

ಇದು ಒಳ್ಳೆಯದೋ ಕೆಟ್ಟದೋ? ಅಂಗಡಿಯಲ್ಲಾದರೆ ಯಜಮಾನ ಗಲ್ಲಾದಲ್ಲಿ ಕೂತಿದ್ದರೆ ಒಳ್ಳೆಯದು ಅನ್ನುತ್ತೇವೆ. ಬ್ಯಾಂಕಿನಲ್ಲಿ ಹಾಗಲ್ಲ. ಗಲ್ಲಾದಲ್ಲಿ ಇರುವುದು ಊರವರ ದುಡ್ಡು. ಅದಕ್ಕೇ ಬ್ಯಾಂಕಿನ ಯಜಮಾನರ ಬಗ್ಗೆ ಕಾನೂನಿಗೆ ಮೊದಲಿಂದಲೂ ಒಂದು ಅನುಮಾನ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಓದಿದರೆ ಅದು ಎದ್ದು ಕಾಣುತ್ತದೆ. ಬ್ಯಾಂಕು ತನ್ನ ನಿರ್ದೇಶಕರಿಗೇ ಸಾಲ ಕೊಡುವ ಹಾಗಿಲ್ಲ. ತನ್ನದೇ ಷೇರನ್ನು ಅಡವಿಟ್ಟುಕೊಂಡು ಯಾರಿಗೂ ಸಾಲ ಕೊಡುವ ಹಾಗಿಲ್ಲ. ಖಾಸಗಿ ಬ್ಯಾಂಕಿನಲ್ಲಿ ಶೇ. 5 ಅಥವಾ ಅದಕ್ಕಿಂತ ಜಾಸ್ತಿ ಪಾಲು ಕೊಳ್ಳಬೇಕಾದರೆ ಮೊದಲೇ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕು. ಎಷ್ಟೇ ಷೇರಿದ್ದರೂ ಒಬ್ಬರ ವೋಟು ಶೇ. 26 ದಾಟುವುದಿಲ್ಲ. ಬೇರೆ ಹೆಚ್ಚಿನ ಧಂದೆಗಳಲ್ಲಿ ಷೇರುದಾರನಿಗೆ ಇಷ್ಟು ಬೇಲಿ ಇಲ್ಲ.

ಹಾಗಿದ್ದರೂ ಒಳಗಿನವರ ಷೇರು ವ್ಯವಹಾರದ ಮೇಲೆ ಕಣ್ಣಿಡುವುದು ಮುಖ್ಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಅಂತ ಇತ್ತು. ಅದರ ಮುಖ್ಯಸ್ಥರು 2023ರ ಫೆಬ್ರುವರಿ 27ರಂದು ಸುಮಾರು 36 ಲಕ್ಷ ಡಾಲರಿನ ಷೇರು ಮಾರಿದರು. ಮಾರ್ಚ್ 10ರಂದು ಬ್ಯಾಂಕಿಗೆ ಬೀಗ ಬಿತ್ತು. ಮಾರಾಟ ಮೊದಲೇ ಹಾಕಿಟ್ಟ ಯೋಜನೆಯಂತೆ ಆದದ್ದು ನಿಜ, ಅದರ ವಿವರ ಸಾರ್ವಜನಿಕ ದಾಖಲೆಯಲ್ಲಿ ಇದ್ದದ್ದೂ ನಿಜ. ನಮ್ಮಲ್ಲೂ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2015ರ ನಿಯಮ ಉಂಟು. ನಿರ್ದೇಶಕರು, ಗೊತ್ತುಪಡಿಸಿದ ಉದ್ಯೋಗಿಗಳು ಒಂದು ತ್ರೈಮಾಸಿಕದಲ್ಲಿ 10 ಲಕ್ಷ ರೂಪಾಯಿಗಿಂತ ಜಾಸ್ತಿ ವ್ಯವಹಾರ ಮಾಡಿದರೆ ಪೇಟೆ ನಡೆಯುವ ಎರಡು ದಿನದಲ್ಲಿ ತಿಳಿಸಬೇಕು. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಅವರು ಬ್ಯಾಂಕಿನ ಷೇರು ಮುಟ್ಟುವ ಹಾಗಿಲ್ಲ.

ಇಲ್ಲಿ ನಮ್ಮ ಊರಿನ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಇಲ್ಲಿ ಪ್ರತಿ ಎರಡನೇ ಮನೆಯಲ್ಲಿ ಒಬ್ಬ ಬ್ಯಾಂಕಿನವನು ಉಂಟು. ಮದುವೆ ಊಟದ ಪಂಕ್ತಿಯಲ್ಲಿ ಸೋದರಮಾವ ಕೇಳುತ್ತಾರೆ, ‘ಈ ಸಲದ ರಿಸಲ್ಟ್ ಹೇಗುಂಟು ಮಾರಾಯ?’ ಅಳಿಯ ಕೇಂದ್ರ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾನೆ ಅಂತ ಇಟ್ಟುಕೊಳ್ಳಿ. ಅವನು ‘ಚೆನ್ನಾಗುಂಟು ಮಾವ’ ಅಂದು, ಮಾವ ಸೋಮವಾರ ಐನೂರು ಷೇರು ಕೊಂಡರೆ, ಇಬ್ಬರೂ ಕಾನೂನಿನ ಕಣ್ಣಲ್ಲಿ ತಪ್ಪು ಮಾಡಿದ ಹಾಗೆ. ಒಳಗಿನವರು ಅಂದರೆ ಕುರ್ಚಿಯಲ್ಲಿ ಕೂತವರು ಮಾತ್ರ ಅಲ್ಲ, ಬೆಲೆ ಏರಿಸುವ ಇಳಿಸುವ ಗುಟ್ಟು ಯಾರ ಕಿವಿಗೆ ಬಿತ್ತೋ ಅವರೆಲ್ಲ. ‘ಅದೊಂದು ಕೇಳ್ಬೇಡಿ ಮಾವ’ ಅಂದು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವ ಅಳಿಯನೇ ಒಳ್ಳೆಯ ಬ್ಯಾಂಕಿನವನು.

ಈಗ ನನ್ನ ಮನೆಯ ವಿಷಯ ಹೇಳುತ್ತೇನೆ. ಒಡೆತನ ಹೇಗೆ ಕೈ ಬದಲಾಯಿಸುತ್ತದೆ ಅಂತ ನನಗೆ ಅರ್ಥವಾದದ್ದು ಅಲ್ಲಿಂದ.

ಅಪ್ಪನ ಹತ್ತಿರ ನೂರು ಷೇರು ಇತ್ತು. 2016ರಲ್ಲಿ ಅಂಚೆಯವರು ಒಂದು ದಪ್ಪ ಲಕೋಟೆ ತಂದುಕೊಟ್ಟರು. ಕರ್ಣಾಟಕ ಬ್ಯಾಂಕು ರೈಟ್ಸ್ ಇಶ್ಯೂ ಮಾಡಿತ್ತು. ಎರಡು ಷೇರು ಇದ್ದವರಿಗೆ ಇನ್ನೊಂದು, 70 ರೂಪಾಯಿಯ ಹಾಗೆ. ಅಪ್ಪ ಜಗಲಿಯಲ್ಲಿ ಕೂತು ಕನ್ನಡಕ ಹಾಕಿ ಅರ್ಜಿಯ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. ಐವತ್ತು ಷೇರಿಗೆ 3,500 ರೂಪಾಯಿ ಚೆಕ್ ಬರೆದರು. ಬರೆದು ಅಮ್ಮನ ಹತ್ತಿರ ಹೇಳಿದ ಮಾತು ನನಗೆ ಚೆನ್ನಾಗಿ ನೆನಪುಂಟು: ‘ಬ್ಯಾಂಕಿಗೆ ದುಡ್ಡು ಬೇಕಂತೆ, ನಮ್ಮ ಹತ್ತಿರ ಕೇಳಿದ್ದಾರೆ.’ ನೂರು ನೂರೈವತ್ತಾಯಿತು. 2020ರಲ್ಲಿ ಹತ್ತಕ್ಕೆ ಒಂದು ಬೋನಸ್ ಬಂದು 165 ಆಯಿತು.

2023ರಲ್ಲಿ ಬ್ಯಾಂಕಿಗೆ ಮತ್ತೆ ದುಡ್ಡು ಬೇಕಾಯಿತು. ಬ್ಯಾಂಕು ಸಾಲ ಜಾಸ್ತಿ ಕೊಡಬೇಕಾದರೆ ಅದಕ್ಕೆ ತಕ್ಕ ಬಂಡವಾಳ ಇಟ್ಟುಕೊಳ್ಳಲೇಬೇಕು, ರಿಸರ್ವ್ ಬ್ಯಾಂಕಿನ ಕಟ್ಟುನಿಟ್ಟು. ಬೇಕಾದದ್ದರಲ್ಲಿ ತಪ್ಪಿಲ್ಲ. ಈ ಸಲ ಕೇಳಿದ್ದು ಸಂಸ್ಥೆಗಳ ಹತ್ತಿರ. 2023ರ ಅಕ್ಟೋಬರಿನಲ್ಲಿ ಜೀವ ವಿಮಾ ಕಂಪನಿಗಳಿಗೆ, ಒಂದು ಮ್ಯೂಚುವಲ್ ಫಂಡಿಗೆ ಆದ್ಯತೆಯ ಮೇಲೆ ಷೇರು ಕೊಟ್ಟು 800 ಕೋಟಿ ರೂಪಾಯಿ ಎತ್ತಿದರು. 2024ರ ಮಾರ್ಚಿನಲ್ಲಿ ಕ್ಯೂಐಪಿ ಮೂಲಕ ಇನ್ನೂ 600 ಕೋಟಿ. ಕ್ಯೂಐಪಿ ಅಂದರೆ ಅರ್ಹ ಸಂಸ್ಥೆಗಳಿಗೆ ಮಾತ್ರ ತೆರೆದ ಬಾಗಿಲು. ನಾನು, ನೀವು ಅರ್ಜಿ ಹಾಕುವ ಹಾಗೇ ಇಲ್ಲ.

ಸುಮಾರು 31 ಕೋಟಿ ಇದ್ದ ಷೇರುಗಳ ಸಂಖ್ಯೆ 37 ಕೋಟಿ ದಾಟಿತು. ಅಪ್ಪನ 165 ಷೇರು 165 ಆಗಿಯೇ ಉಳಿಯಿತು. ಬ್ಯಾಂಕಿನಲ್ಲಿ ಅವರ ಪಾಲು ಮಾತ್ರ ಸರಿಸುಮಾರು ಆರನೇ ಒಂದು ಭಾಗದಷ್ಟು ಕರಗಿತು. ಹಾಗಂತ ಅವರಿಗೆ ನಷ್ಟ ಆಯಿತು ಅಂತ ನಾನು ಹೇಳುತ್ತಿಲ್ಲ. ಒಳಗೆ ಬಂದ ದುಡ್ಡಿನಿಂದ ಬ್ಯಾಂಕೂ ದೊಡ್ಡದಾಯಿತು, ಅದು ಬೇರೆ ಲೆಕ್ಕ. ಆದರೆ ಜಗಲಿಯಲ್ಲಿ ಕೂತು ಚೆಕ್ ಬರೆದವರಿಂದ ಮುಂಬೈಯ ಫಂಡ್ ಮ್ಯಾನೇಜರ್ ಕಡೆಗೆ ಒಡೆತನ ಒಂದು ಹೆಜ್ಜೆ ಸರಿಯಿತು. ಅದು ನಮಗೆ ಗೊತ್ತೇ ಆಗಲಿಲ್ಲ ಅನ್ನುವುದು ನನ್ನ ಸಂಕಟ.

ಗೊತ್ತಾಗಲಿಲ್ಲ ಅಂತ ಬ್ಯಾಂಕನ್ನು ದೂರುವುದೂ ಸರಿಯಲ್ಲ. ಹೊರಗಿನವರಿಗೆ ಹೊಸ ಷೇರು ಕೊಡಬೇಕಾದರೆ ಇದ್ದ ಷೇರುದಾರರ ವಿಶೇಷ ನಿರ್ಣಯ ಬೇಕು, ಬಿದ್ದ ವೋಟಿನಲ್ಲಿ ಕನಿಷ್ಠ ಮುಕ್ಕಾಲು ಪಾಲು ಪರವಾಗಿ ಬೀಳಬೇಕು. ಅದಕ್ಕೆ ನೋಟೀಸು ಇಮೇಲಿಗೆ ಬರುತ್ತದೆ. ಅಪ್ಪನ ಖಾತೆಯಲ್ಲಿ ಇಮೇಲೇ ಇರಲಿಲ್ಲ. ಅದನ್ನು ಸೇರಿಸಬೇಕಾದವನು ನಾನು.

‘ಬಿದ್ದ ವೋಟಿನಲ್ಲಿ’ ಅಂದೆ. ಈ ಎರಡು ಶಬ್ದದ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ.

ಒಂದು ಬ್ಯಾಂಕಿನ ಷೇರು ಒಟ್ಟು ನೂರು ಅಂತ ಊಹಿಸಿಕೊಳ್ಳಿ. 65 ಜನಸಾಮಾನ್ಯರದ್ದು, 35 ಸಂಸ್ಥೆಗಳದ್ದು. ಕಾಗದದ ಮೇಲೆ ಜನಸಾಮಾನ್ಯರೇ ದೊಡ್ಡವರು. ಮಹಾಸಭೆ ಬಂತು. ಸಂಸ್ಥೆಗಳು 30 ವೋಟು ಹಾಕಿದವು. ಜನಸಾಮಾನ್ಯರಿಂದ ಬಿದ್ದದ್ದು ಐದೇ ಐದು. ಒಟ್ಟು ಬಿದ್ದದ್ದು 35. ಅದರಲ್ಲಿ 30 ಸಂಸ್ಥೆಗಳದ್ದು, ಅಂದರೆ ಶೇ. 85ಕ್ಕೂ ಜಾಸ್ತಿ. ಮನೆಯಲ್ಲಿ ಕೂತ 60 ಷೇರು ಲೆಕ್ಕಕ್ಕೇ ಇಲ್ಲ. ಸಾಧಾರಣ ನಿರ್ಣಯ ಮಾತ್ರ ಅಲ್ಲ, ಮುಕ್ಕಾಲು ಪಾಲು ಬೇಕಾದ ವಿಶೇಷ ನಿರ್ಣಯವನ್ನೂ ಸಂಸ್ಥೆಗಳು ಒಂದೇ ಏಟಿಗೆ ಪಾಸು ಮಾಡಬಹುದು, ಬೀಳಿಸಲೂ ಬಹುದು.

ಸಂಸ್ಥೆಗಳು ವೋಟು ಹಾಕೇ ಹಾಕುತ್ತವೆ. 2022ರ ಏಪ್ರಿಲಿನಿಂದ ಮ್ಯೂಚುವಲ್ ಫಂಡುಗಳು ಎಲ್ಲ ನಿರ್ಣಯಗಳಿಗೂ ಕಡ್ಡಾಯವಾಗಿ ವೋಟು ಹಾಕಬೇಕು ಅಂತ ಸೆಬಿಯ ನಿಯಮ ಉಂಟು. ಯಾವ ಕಡೆಗೆ ಹಾಕಿದೆವು, ಯಾಕೆ ಹಾಕಿದೆವು ಅಂತಲೂ ತಮ್ಮ ವೆಬ್‌ಸೈಟಿನಲ್ಲಿ ಬರೆಯಬೇಕು. ನಮಗೆ ಅಂಥ ಕಡ್ಡಾಯ ಇಲ್ಲ. ಅದರ ಫಲ ನೋಡಬೇಕಾದರೆ ಮಹಾಸಭೆ ಮುಗಿದ ಎರಡು ಕೆಲಸದ ದಿನದಲ್ಲಿ ಪ್ರಕಟವಾಗುವ ವೋಟಿನ ಫಲಿತಾಂಶ ತೆರೆಯಿರಿ. ಪ್ರತಿ ನಿರ್ಣಯಕ್ಕೂ ಮೂರು ಸಾಲು: ಪ್ರವರ್ತಕರು, ಸಂಸ್ಥೆಗಳು, ಸಂಸ್ಥೆಯಲ್ಲದವರು. ಪಕ್ಕದಲ್ಲಿ ಇದ್ದ ಷೇರೆಷ್ಟು, ಬಿದ್ದ ವೋಟೆಷ್ಟು, ಶೇಕಡಾ ಎಷ್ಟು. ಯಾವುದೇ ಹಳೇ ಖಾಸಗಿ ಬ್ಯಾಂಕಿನದ್ದು ಬೇಕಾದರೂ ತೆಗೆದು ಮೂರನೇ ಸಾಲಿನ ಶೇಕಡಾ ಓದಿ. ನನ್ನ ಮಟ್ಟಿಗೆ ಷೇರುದಾರರ ಪಟ್ಟಿಗಿಂತ ಈ ಕಾಗದವೇ ದೊಡ್ಡದು. ಪಟ್ಟಿಯಲ್ಲಿ ಸಿಗುವುದು ಯಾರಿಗೆ ಎಷ್ಟು ಹಕ್ಕುಂಟು ಅಂತ. ಆ ಹಕ್ಕನ್ನು ಚಲಾಯಿಸಿದ್ದು ಯಾರು ಅಂತ ಇದರಲ್ಲಿ ಸಿಗುತ್ತದೆ.

ವೋಟು ಹಾಕಿ ಏನಾಗುತ್ತದೆ ಅಂತ ಕೇಳುತ್ತೀರಿ. ಆಗುತ್ತದೆ. 2020ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಎರಡು ಕಡೆ ಆಯಿತು. ಕರೂರಿನಲ್ಲಿ 1926ರಲ್ಲಿ ಹುಟ್ಟಿದ ಲಕ್ಷ್ಮೀ ವಿಲಾಸ್ ಬ್ಯಾಂಕಿನ ಷೇರುದಾರರು ಮಹಾಸಭೆಯಲ್ಲಿ ವ್ಯವಸ್ಥಾಪಕ ನಿರ್ದೇಶಕರೂ ಸೇರಿ ಏಳು ಜನ ನಿರ್ದೇಶಕರ ನೇಮಕವನ್ನು ತಳ್ಳಿಹಾಕಿದರು. ತ್ರಿಶೂರಿನ ಧನಲಕ್ಷ್ಮೀ ಬ್ಯಾಂಕಿನಲ್ಲಿ ಸುಮಾರು ಶೇ. 90 ವೋಟು ಮುಖ್ಯಸ್ಥರ ವಿರುದ್ಧ ಬಿದ್ದು ಅವರು ಹೊರಗೆ ಹೋದರು.

ಆದರೆ ಲಕ್ಷ್ಮೀ ವಿಲಾಸದ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಷೇರುದಾರರು ಎಚ್ಚರಗೊಳ್ಳುವಾಗ ತುಂಬಾ ತಡವಾಗಿತ್ತು. ನವೆಂಬರ್ 17ಕ್ಕೆ ಬ್ಯಾಂಕಿನ ಮೇಲೆ ನಿರ್ಬಂಧ ಬಂತು, ಠೇವಣಿದಾರರು 25,000 ರೂಪಾಯಿಗಿಂತ ಜಾಸ್ತಿ ತೆಗೆಯುವ ಹಾಗಿಲ್ಲ ಅಂತ. ನವೆಂಬರ್ 27ಕ್ಕೆ ಅದು ಡಿಬಿಎಸ್ ಬ್ಯಾಂಕ್ ಇಂಡಿಯಾದಲ್ಲಿ ವಿಲೀನ. ಠೇವಣಿದಾರರ ದುಡ್ಡು ಉಳಿಯಿತು. ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ. ಇಡೀ ಷೇರು ಬಂಡವಾಳವನ್ನೇ ಅಳಿಸಿಹಾಕಿದರು. ಕರೂರಿನ ಕಡೆಯಲ್ಲೂ ನಮ್ಮ ಹಾಗೆಯೇ ಅಜ್ಜನ ಕಾಲದಿಂದ ಷೇರು ಇಟ್ಟುಕೊಂಡ ಮನೆಗಳಿದ್ದವು. ಠೇವಣಿಗೆ 5 ಲಕ್ಷದವರೆಗೆ ವಿಮೆ ಉಂಟು, ಷೇರಿಗೆ ಒಂದು ಪೈಸೆಯೂ ಇಲ್ಲ. ‘ಬ್ಯಾಂಕಿನಲ್ಲಿ ಇಟ್ಟದ್ದು’ ಅಂತ ಎರಡನ್ನೂ ಒಂದೇ ಮಾತಿನಲ್ಲಿ ಹೇಳುವ ಹಿರಿಯರು ಇಲ್ಲಿ ತುಂಬಾ ಜನ ಇದ್ದೀರಿ. ದಯವಿಟ್ಟು ಬೇರೆ ಬೇರೆ ಮಾಡಿ ನೋಡಿ.

ಬೆಂಗಳೂರಿನ ವೈಶ್ಯ ಬ್ಯಾಂಕಿನದ್ದು ಇನ್ನೊಂದು ದಾರಿ. 1930ರಲ್ಲಿ ಶುರುವಾದದ್ದು. 2002ರಲ್ಲಿ ಡಚ್ಚರ ಐಎನ್‌ಜಿ ಕೈಗೆ ಹೋಗಿ ಹೆಸರು ಐಎನ್‌ಜಿ ವೈಶ್ಯ ಆಯಿತು. 2015ರ ಏಪ್ರಿಲ್ 1ಕ್ಕೆ ಕೋಟಕ್ ಮಹೀಂದ್ರಾದಲ್ಲಿ ಸೇರಿತು. ಷೇರುದಾರರಿಗೆ ಸಾವಿರ ಷೇರಿಗೆ ಕೋಟಕ್‌ನ 725 ಷೇರು ಸಿಕ್ಕಿತು, ದುಡ್ಡಿನ ಲೆಕ್ಕದಲ್ಲಿ ಅವರು ಸೋಲಲಿಲ್ಲ. ಬೆಂಗಳೂರಿನದ್ದೇ ಆದ ಒಂದು ಹಳೇ ಬ್ಯಾಂಕು ಮಾತ್ರ ಇಲ್ಲವಾಯಿತು. ದೊಡ್ಡ ಪಾಲು ಒಬ್ಬರ ಕೈಯಲ್ಲಿದ್ದರೆ ಮಾರಾಟ ಸುಲಭ, ಅಷ್ಟೇ ವಿಷಯ.

ಇಷ್ಟೆಲ್ಲ ಕೇಳಿ ಸಂಸ್ಥೆಗಳು ಬಂದದ್ದೇ ಕೆಡುಕು ಅಂತ ನೀವು ತಿಳಿಯಬಾರದು. ನಾನು ಹಾಗೆ ನಂಬುವುದಿಲ್ಲ. ಫಂಡಿನವರು ಕೇಳುವ ಪ್ರಶ್ನೆ ನಾವು ಕೇಳುವುದಿಲ್ಲ. ವಸೂಲಾಗದ ಸಾಲ ಎಷ್ಟು, ಅದಕ್ಕೆ ಎತ್ತಿಟ್ಟದ್ದು ಎಷ್ಟು, ಚಾಲ್ತಿ ಉಳಿತಾಯ ಖಾತೆಯ ಠೇವಣಿ ಯಾಕೆ ಏರುತ್ತಿಲ್ಲ ಅಂತ ಅವರು ಬಿಡದೆ ಕೇಳುತ್ತಾರೆ. ನಮ್ಮ ಮಹಾಸಭೆಗಳಲ್ಲಿ ಮೊದಲೆಲ್ಲ ಕೇಳುತ್ತಿದ್ದದ್ದು ಡಿವಿಡೆಂಡ್ ಎಷ್ಟು, ನಮ್ಮೂರಿಗೆ ಶಾಖೆ ಯಾವಾಗ ಅಂತ. ಮತ್ತೆ, ಸಂಸ್ಥೆ ಅಂದರೆ ಯಾರೋ ಪರಕೀಯರಲ್ಲ. ನಿಮ್ಮ ಮಗಳು ಮ್ಯೂಚುವಲ್ ಫಂಡಿಗೆ ತಿಂಗಳಿಗೆ ಎರಡು ಸಾವಿರ ಎಸ್‌ಐಪಿ ಕಟ್ಟುತ್ತಾಳೆ, ನೀವು ವಿಮೆ ಕಂತು ಕಟ್ಟುತ್ತೀರಿ, ಅದೇ ದುಡ್ಡು ಸುತ್ತಿ ಬಳಸಿ ಷೇರಾಗಿ ಬರುತ್ತದೆ. ದುಡ್ಡು ನಿಮ್ಮದು, ವೋಟು ಅವರದ್ದು.

ಸಂಸ್ಥೆಗಳ ಬಗ್ಗೆ ನನಗೆ ಇರುವ ಹೆದರಿಕೆ ಎರಡೇ. ಅವರು ಬಂದಷ್ಟೇ ಬೇಗ ಹೋಗಬಹುದು. ಬೆಲೆ ಸಿಕ್ಕಿದರೆ ಒಂದು ಮಧ್ಯಾಹ್ನ ಮಾರಿ ಎದ್ದುಹೋಗುತ್ತಾರೆ, ಅದು ಅವರ ಕೆಲಸ. ಇನ್ನೊಂದು ಸ್ವಲ್ಪ ಸೂಕ್ಷ್ಮ. ಯಾವ ವಿಮಾ ಕಂಪನಿಯ ಪಾಲಿಸಿಯನ್ನು ಬ್ಯಾಂಕು ತನ್ನ ಕೌಂಟರಿನಲ್ಲಿ ಮಾರುತ್ತದೋ, ಅದೇ ಕಂಪನಿ ಬ್ಯಾಂಕಿನ ಷೇರುದಾರನೂ ಆದರೆ? ಠೇವಣಿ ಇಡಲು ಬಂದ ಅಜ್ಜಿಯ ಕೈಗೆ ಪಾಲಿಸಿ ಅರ್ಜಿ ಬರುವುದು ಜಾಸ್ತಿ ಆಗಬಹುದಾ? ಯಾವ ಬ್ಯಾಂಕಿನಲ್ಲೇ ಆಗಲಿ, ಇದನ್ನು ಕೇಳಬೇಕಾದವರು ಕೌಂಟರಿನ ಈಚೆ ನಿಂತ ಷೇರುದಾರರು.

ಓದಿದರೆ ಎಷ್ಟು ಗೊತ್ತಾಗುತ್ತದೆ ಅನ್ನುವುದಕ್ಕೆ ಈಚಿನ ಒಂದು ಉದಾಹರಣೆ. 2025ರ ಮೇ ತಿಂಗಳಲ್ಲಿ ಕರ್ಣಾಟಕ ಬ್ಯಾಂಕಿನ ವಾರ್ಷಿಕ ಫಲಿತಾಂಶ ಬಂತು. ಅದರ ಜೊತೆ ಲೆಕ್ಕಪರಿಶೋಧಕರ ಒಂದು ಟಿಪ್ಪಣಿ ಇತ್ತು: ಪೂರ್ಣಾವಧಿ ನಿರ್ದೇಶಕರ ಅಧಿಕಾರದ ಮಿತಿ ಮೀರಿ ಆದ 1.53 ಕೋಟಿ ರೂಪಾಯಿ ಖರ್ಚಿನ ಬಗ್ಗೆ. ಜೂನ್ ಕೊನೆಗೆ ಮುಖ್ಯ ಕಾರ್ಯನಿರ್ವಹಣಾಧಿಕಾರಿಯವರು ಮತ್ತು ಕಾರ್ಯನಿರ್ವಾಹಕ ನಿರ್ದೇಶಕರು ಇಬ್ಬರೂ ರಾಜೀನಾಮೆ ಕೊಟ್ಟ ಸುದ್ದಿ ಬಂತು. ವೈಯಕ್ತಿಕ ಕಾರಣ ಅಂತ ತಿಳಿಸಿದ್ದರು. ಷೇರು ಬೆಲೆ ಬಿತ್ತು. ಆಮೇಲೆ ಅದೇ ಬ್ಯಾಂಕಿನಲ್ಲಿ ಬೆಳೆದು ಬಂದ ಅಧಿಕಾರಿಯೊಬ್ಬರು ಚುಕ್ಕಾಣಿ ಹಿಡಿದರು. ಯಾರು ಸರಿ ಯಾರು ತಪ್ಪು ಅಂತ ನಾನು ತೀರ್ಪು ಕೊಡುವುದಿಲ್ಲ. ಲಕ್ಷ ಕೋಟಿಗೂ ಮೀರಿದ ವ್ಯವಹಾರದ ಬ್ಯಾಂಕಿನಲ್ಲಿ ಒಂದೂವರೆ ಕೋಟಿ ದೊಡ್ಡ ಮೊತ್ತವೂ ಅಲ್ಲ. ಆದರೆ ಪ್ರವರ್ತಕರಿಲ್ಲದ ಮನೆಯಲ್ಲಿ ಅಧಿಕಾರಿಗಳ ಕೈಗೆ ಗೆರೆ ಎಳೆಯುವುದು ಆಡಳಿತ ಮಂಡಳಿ, ಆ ಮಂಡಳಿಯನ್ನು ಆರಿಸುವುದು ಷೇರುದಾರರು. ಆ ಟಿಪ್ಪಣಿ ಒಂದು ತಿಂಗಳಿಗೂ ಮೊದಲೇ ಎಲ್ಲರಿಗೂ ಸಿಗುವ ಕಾಗದದಲ್ಲಿತ್ತು. ಜೂನ್ ಕೊನೆಯ ದಿನಗಳಲ್ಲಿ ನನಗೆ ಫೋನ್ ಮಾಡಿದ ಹತ್ತಾರು ಜನರಲ್ಲಿ ಅದನ್ನು ಓದಿದ್ದವರು ಒಬ್ಬರೂ ಇರಲಿಲ್ಲ.

ಮಾತು ಮುಗಿಸುವ ಮೊದಲು ಟ್ರಂಕಿನೊಳಗಿನ ಷೇರಿನ ವಿಷಯ. ಷೇರುದಾರರ ಪಟ್ಟಿಯಲ್ಲಿ ಐಇಪಿಎಫ್ ಅಂತ ಒಂದು ಸಾಲು ಉಂಟು, ನೋಡಿದಿರಾ? ಏಳು ವರ್ಷ ಒಂದೇ ಸಮನೆ ಡಿವಿಡೆಂಡ್ ಪಡೆಯದಿದ್ದರೆ ಆ ಷೇರು ಈ ಸರಕಾರಿ ನಿಧಿಗೆ ಹೋಗುತ್ತದೆ. ವಿಳಾಸ ಬದಲಾದವರು, ತೀರಿಕೊಂಡವರು, ವಿದೇಶಕ್ಕೆ ಹೋದವರು, ಇವರದ್ದೆಲ್ಲ ಅಲ್ಲಿ ಸೇರುತ್ತದೆ. ನಿಜವಾದ ವಾರಸುದಾರ ಬಂದು ಬಿಡಿಸಿಕೊಳ್ಳುವವರೆಗೆ ಆ ಷೇರಿಗೆ ವೋಟಿನ ಹಕ್ಕೂ ಇಲ್ಲ. ನನ್ನ ದೊಡ್ಡಪ್ಪನ ಷೇರು ಹಾಗೆ ಹೋಗಿತ್ತು. ಅವರ ಪತ್ರ ಸಿಕ್ಕಿದ್ದು ಸೀರೆ ಟ್ರಂಕಿನ ತಳದಲ್ಲಿ, ಹಳೇ ಪಂಚಾಂಗದ ಒಳಗೆ, ನುಸಿಗುಳಿಗೆಯ ವಾಸನೆ ಹಿಡಿದು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಆ ಒಂದು ಅಕ್ಷರಕ್ಕೆ ಅಫಿಡವಿಟ್ಟು, ಐಇಪಿಎಫ್-5 ಅರ್ಜಿ, ಓಡಾಟ, ಕಾಯುವುದು. ಕೊನೆಗೂ ಸಿಕ್ಕಿತು. ಆ ಪತ್ರದ ಮೇಲೆ ನೀಲಿ ಶಾಯಿಯಲ್ಲಿದ್ದ ದೊಡ್ಡಪ್ಪನ ಹೆಸರು ನೋಡಿ ದೊಡ್ಡಮ್ಮ ಸುಮಾರು ಹೊತ್ತು ಏನೂ ಮಾತಾಡಲಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

(ಪ್ರಶ್ನೋತ್ತರ ಸುಮಾರು ಮುಕ್ಕಾಲು ಗಂಟೆ ನಡೆಯಿತು. ಬಹುಪಾಲು ‘ಈಗ ಕೊಳ್ಳಬಹುದಾ’ ಅನ್ನುವಂಥವು, ಅವಕ್ಕೆ ನಾನು ಉತ್ತರ ಕೊಡಲಿಲ್ಲ. ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.)

ಹಿಂದಿನ ಸಾಲಿನಿಂದ ಒಬ್ಬರು ಅಮ್ಮ ಎದ್ದು ನಿಂತು ಕೇಳಿದರು: ‘ನಮ್ಮ ಯಜಮಾನರ ಹೆಸರಲ್ಲಿ ನಲವತ್ತು ಷೇರು ಉಂಟು. ಪತ್ರ ಉಂಟು, ಅವರಿಲ್ಲ. ನಾನು ವೋಟು ಹಾಕಬಹುದಾ?’

ಈಗಲೇ ಆಗುವುದಿಲ್ಲ ಅಮ್ಮ ಅಂದೆ. ಮೊದಲು ಷೇರು ನಿಮ್ಮ ಹೆಸರಿಗೆ ಬರಬೇಕು. ಪತ್ರದಲ್ಲಿ ನಿಮ್ಮ ಹೆಸರೂ ಎರಡನೆಯದಾಗಿ ಇದ್ದರೆ ಮರಣ ಪ್ರಮಾಣಪತ್ರ ಕೊಟ್ಟು ಅವರ ಹೆಸರು ತೆಗೆಸಿದರೆ ಸಾಕು. ಇಲ್ಲದಿದ್ದರೆ ವಾರಸುದಾರರಾಗಿ ಅರ್ಜಿ ಹಾಕಬೇಕು. ಕಾಗದದ ಷೇರಿನ ಬೆಲೆ 5 ಲಕ್ಷದ ಒಳಗಿದ್ದರೆ ಕೋರ್ಟಿಗೆ ಹೋಗಬೇಕಾಗಿಲ್ಲ, ಮಕ್ಕಳ ಒಪ್ಪಿಗೆ ಪತ್ರ, ಅಫಿಡವಿಟ್ಟು ಮೊದಲಾದ ಕಾಗದಗಳಿಂದ ಆಗುತ್ತದೆ. ಆಮೇಲೆ ಡಿಮ್ಯಾಟ್ ಮಾಡಿಸಿ, ಅಂದರೆ ಕಾಗದದ ಷೇರನ್ನು ಆನ್‌ಲೈನ್ ಖಾತೆಗೆ ಹಾಕಿಸಿ, ನಿಮ್ಮ ಮೊಬೈಲ್ ನಂಬರು, ಇಮೇಲು ಸೇರಿಸಿ. ಮಹಾಸಭೆಗೆ ಮೊದಲು ಕೆಲವು ದಿನ ಆನ್‌ಲೈನ್ ವೋಟಿಂಗ್ ತೆರೆದಿರುತ್ತದೆ, ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತದೆ. ಮೊಬೈಲಿನಲ್ಲೇ ಹಾಕಬಹುದು, ಐದು ನಿಮಿಷದ ಕೆಲಸ.

‘ನಲವತ್ತಕ್ಕೂ ಲೆಕ್ಕ ಉಂಟಾ?’

ಉಂಟು ಅಮ್ಮ, ನಲವತ್ತು ವೋಟು.

ಅವರು ಆಮಂತ್ರಣ ಪತ್ರಿಕೆಯ ಹಿಂದೆ ಒಂದೊಂದನ್ನೇ ಬರೆದುಕೊಂಡರು. ಹೊರಡುವಾಗ ಚೀಲದಿಂದ ಷೇರು ಪತ್ರದ ಜೆರಾಕ್ಸ್ ತೆಗೆದು, ಫೋಲಿಯೊ ನಂಬರು ಯಾವುದು ಅಂತ ತೋರಿಸಿಕೊಡಲು ಹೇಳಿದರು. ಬಲಗಡೆ ಮೇಲಿನ ಮೂಲೆಯಲ್ಲಿತ್ತು. ಅದಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿಕೊಟ್ಟೆ.